ಸಂಖ್ಯೆ ಇದೆ, ಅದು ಇದೆಯೇ?

ಕೆಲವು ವರ್ಷಗಳ ಹಿಂದೆ, ಪುಣೆಯ ಕಚೇರಿಯೊಂದರಲ್ಲಿ, ದತ್ತಾಂಶದ ನಕಲು ತೆಗೆಯುವ ಪ್ರೋಗ್ರಾಮು ಮೂರು ದಿನಗಳಿಂದ ಸತ್ತುಬಿದ್ದಿದ್ದರೂ, ಅದರ ಕಾವಲಿಗೆಂದು ನಾನೇ ಬರೆದಿದ್ದ ಶೆಲ್ ಸ್ಕ್ರಿಪ್ಟು ‘ಓಡುತ್ತಿದೆ’ ಎಂದೇ ವರದಿ ಮಾಡುತ್ತಿತ್ತು. ಆ ತಪ್ಪಿನ ಬೇರನ್ನು ಅರಸುತ್ತ ಹೋದವನಿಗೆ ಅದು ಸುಮಾರು ಯುನಿಕ್ಸ್‌ನಷ್ಟೇ ಹಳೆಯದೆಂದು ತಿಳಿಯಿತು.

ನ್ಯೂಜೆರ್ಸಿಯ ಮರ್ರೇ ಹಿಲ್‌ನಲ್ಲಿದ್ದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ 1969ರಲ್ಲಿ ಯುನಿಕ್ಸ್‌ಗೆ ಅಡಿಪಾಯ ಹಾಕಿದರು. ಓಡುತ್ತಿರುವ ಪ್ರೋಗ್ರಾಮುಗಳನ್ನು, ಅಂದರೆ ಪ್ರಾಸೆಸ್‌ಗಳನ್ನು, ಪಟ್ಟಿ ಮಾಡುವ ‘ಪಿಎಸ್’ ಆದೇಶ ಕೆಲವೇ ವರ್ಷಗಳಲ್ಲಿ ಬಂದಿತು. ಅಂದಿನ ಪಿಎಸ್ ಯಾರನ್ನೂ ಕೇಳುತ್ತಿರಲಿಲ್ಲ. ಯಂತ್ರದ ಸ್ಮೃತಿಯನ್ನೇ ಕಡತದಂತೆ ತೆರೆದು, ಕರ್ನಲ್ಲಿನ ಕೋಷ್ಟಕವನ್ನು ಕದ್ದು ಓದುತ್ತಿತ್ತು. ಓದುತ್ತಿರುವಾಗಲೇ ಕೋಷ್ಟಕ ಬದಲಾಗುತ್ತಿತ್ತು. 1979ರ ಏಳನೆಯ ಆವೃತ್ತಿಯ ಕೈಪಿಡಿ, ಪಿಎಸ್ ತೋರುವ ಚಿತ್ರ ವಾಸ್ತವಕ್ಕೆ ಹತ್ತಿರದ್ದು ಮಾತ್ರ ಎಂದು ದೋಷಗಳ ವಿಭಾಗದಲ್ಲಿ ಒಪ್ಪಿಕೊಂಡಿದೆ. ಆ ಪ್ರಾಮಾಣಿಕತೆ ಇಂದಿನ ಕೈಪಿಡಿಗಳಲ್ಲಿ ಅಪರೂಪ.

1973ರಲ್ಲಿ ಪೈಪ್ ಬಂದ ಮೇಲೆ ಪಿಎಸ್‌ನ ಪಟ್ಟಿಯನ್ನು ‘ಗ್ರೆಪ್’ನ ಜರಡಿಗೆ ಸುರಿದು ಹೆಸರು ಹುಡುಕುವುದು ರೂಢಿಯಾಯಿತು. ಆದರೆ ಹುಡುಕುವ ಗ್ರೆಪ್ಪೂ ಒಂದು ಪ್ರಾಸೆಸ್. ಹುಡುಕಿದ ಹೆಸರು ಅದರ ಸಾಲಿನಲ್ಲೂ ಇರುವುದರಿಂದ ಅದು ತನ್ನನ್ನೇ ಕಂಡು ‘ಇದೆ’ ಎನ್ನುತ್ತಿತ್ತು. ಹೆಸರಿನ ಮೊದಲಕ್ಷರವನ್ನು ಚೌಕಾವರಣದಲ್ಲಿಡುವ ಉಪಾಯ ಇದಕ್ಕಾಗಿಯೇ ಹುಟ್ಟಿತು. ಮುಂದೆ ಸೋಲಾರಿಸ್ 7ರೊಡನೆ ಬಂದ ‘ಪಿಗ್ರೆಪ್’ ತನ್ನನ್ನು ತಾನೇ ಲೆಕ್ಕದಿಂದ ಬಿಟ್ಟಿತು.

ಹೆಸರನ್ನು ನಂಬದವರು ಸಂಖ್ಯೆಯನ್ನು ನಂಬಿದರು. ಪ್ರೋಗ್ರಾಮು ಆರಂಭವಾದಾಗ ತನ್ನ ಸಂಖ್ಯೆಯನ್ನು ಕಡತದಲ್ಲಿ ಬರೆದಿಡುವುದು, ಆಮೇಲೆ ಆ ಸಂಖ್ಯೆಗೆ ‘ಕಿಲ್’ ಆದೇಶದಿಂದ ಸೊನ್ನೆಯ ಸಂಕೇತ ಕಳಿಸಿ ನೋಡುವುದು. ಹೆಸರು ಕೊಲೆಗಡುಕನದಾದರೂ ಸೊನ್ನೆ ಯಾರನ್ನೂ ಕೊಲ್ಲದು, ಇರುವಿಕೆಯನ್ನಷ್ಟೇ ತಿಳಿಸುತ್ತದೆ. ನಾನು ಎಡವಿದ್ದು ಇಲ್ಲೇ. ಲಿನಕ್ಸ್‌ನಲ್ಲಿ ಈ ಸಂಖ್ಯೆಗಳ ರೂಢಿಯ ಮಿತಿ ಬಹುಕಾಲ 32768 ಆಗಿತ್ತು. ಅಲ್ಲಿಗೆ ಮುಟ್ಟಿದರೆ ಎಣಿಕೆ ಮತ್ತೆ ಕೆಳಗಿನಿಂದ ಸಾಗುತ್ತದೆ. ಹಠಾತ್ತನೆ ಸತ್ತ ನನ್ನ ಪ್ರೋಗ್ರಾಮು ಕಡತವನ್ನು ಅಳಿಸಿರಲಿಲ್ಲ, ಅದರ ಸಂಖ್ಯೆ ಬೇರೊಂದು ಪ್ರಾಸೆಸ್‌ಗೆ ಸಂದಿತ್ತು. ಸತ್ತವರ ಮನೆಯ ಬಾಗಿಲು ತಟ್ಟಿ, ಹೊಸ ಬಾಡಿಗೆದಾರ ಓಗೊಟ್ಟದ್ದನ್ನು ನಾನು ಕ್ಷೇಮಸಮಾಚಾರವೆಂದು ಬಗೆದಿದ್ದೆ.

1984ರಲ್ಲಿ ಬೆಲ್ ಪ್ರಯೋಗಾಲಯದ ಟಾಮ್ ಕಿಲಿಯನ್ ಪ್ರಾಸೆಸ್‌ಗಳನ್ನೇ ಕಡತಗಳಾಗಿ ತೋರಿಸುವ ‘ಪ್ರಾಕ್’ ವ್ಯವಸ್ಥೆಯನ್ನು ವಿವರಿಸಿದರು. ಕದ್ದು ಓದುವ ಅಗತ್ಯ ತಪ್ಪಿತು, ಸಂಖ್ಯೆಯ ಮರುಬಳಕೆ ತಪ್ಪಲಿಲ್ಲ. ಒಂದೇ ಪ್ರಾಸೆಸ್‌ಗೆ ಅಂಟಿಕೊಂಡಿರುವ ಹಿಡಿಕೆಯನ್ನು ಲಿನಕ್ಸ್ ಒದಗಿಸಿದ್ದು 2019ರಲ್ಲಿ. ಶೆಲ್ ಸ್ಕ್ರಿಪ್ಟು ಬರೆಯುವವರ ಕೈಗೆ ಅದು ಸುಲಭವಾಗಿ ಎಟುಕದು. ಹಾಗಾಗಿ ನಾನೀಗ ಸಂಖ್ಯೆಯ ಜೊತೆಗೆ ಪ್ರಾಸೆಸ್ ಆರಂಭವಾದ ಹೊತ್ತನ್ನೂ ಬರೆದಿಟ್ಟು, ಎರಡನ್ನೂ ಪ್ರಾಕ್‌ನೊಡನೆ ತಾಳೆ ನೋಡುತ್ತೇನೆ.