ಪೆನಿಸಿಲಿನ್ ಮತ್ತು ವೈದ್ಯರ ಲೇಖನಿ

ಗಂಟಲು ನೋವೆಂದು ಔಷಧದ ಅಂಗಡಿಗೆ ಹೋಗಿ, ವೈದ್ಯರನ್ನು ಕೇಳದೆ ನಾಲ್ಕು ಮಾತ್ರೆ ಕೊಂಡು ನುಂಗುವವರನ್ನು ನೀವು ನೋಡಿರಬಹುದು. ಅಂಥ ಒಬ್ಬನ ಕಥೆಯನ್ನು ಅಲೆಗ್ಸಾಂಡರ್ ಫ್ಲೆಮಿಂಗ್ 1945ರ ಡಿಸೆಂಬರ್‌ನಲ್ಲಿ ತಮ್ಮ ನೊಬೆಲ್ ಉಪನ್ಯಾಸದಲ್ಲಿ ಹೇಳಿದ್ದರು. ಅವರು ಕಲ್ಪಿಸಿಕೊಂಡ ಈ ವ್ಯಕ್ತಿ ತಾನೇ ಪೆನಿಸಿಲಿನ್ ಕೊಂಡು, ಸಾಲದಷ್ಟು ಪ್ರಮಾಣದಲ್ಲಿ ತೆಗೆದುಕೊಳ್ಳುತ್ತಾನೆ. ಬ್ಯಾಕ್ಟೀರಿಯಗಳು ಸಾಯುವ ಬದಲು ಔಷಧವನ್ನು ಎದುರಿಸುವುದನ್ನು ಕಲಿಯುತ್ತವೆ. ಅವು ಅವನ ಹೆಂಡತಿಗೆ ದಾಟಿ ನ್ಯುಮೋನಿಯ ತರುತ್ತವೆ. ಪೆನಿಸಿಲಿನ್ ಫಲಿಸದೆ ಆಕೆ ಸಾಯುತ್ತಾಳೆ.

ಫ್ಲೆಮಿಂಗರ ಭಯ ಇದ್ದದ್ದು ಅಂಗಡಿಯಲ್ಲಿ ಕೊಳ್ಳುವವರ ಬಗ್ಗೆ. ಬ್ರಿಟನ್ 1947ರಲ್ಲಿ ಕಾನೂನು ಮಾಡಿ, ವೈದ್ಯರ ಚೀಟಿಯಿಲ್ಲದೆ ಪೆನಿಸಿಲಿನ್ ಮಾರುವುದನ್ನು ತಡೆಯಿತು. ಇಷ್ಟರಿಂದ ಅಪಾಯ ತಪ್ಪಿತೇ?

ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆ ಸ್ನಾತಕೋತ್ತರ ವೈದ್ಯ ಶಿಕ್ಷಣದ ಕೇಂದ್ರವೂ ಆಗಿತ್ತು. ಅಲ್ಲಿ ಬ್ಯಾಕ್ಟೀರಿಯ ತಜ್ಞೆ ಮೇರಿ ಬಾರ್ಬರ್, ರೋಗಿಗಳಿಂದ ದೊರೆತ ಸ್ಟ್ಯಾಫಿಲೊಕಾಕಸ್ ತಳಿಗಳನ್ನು ಪರೀಕ್ಷಿಸುತ್ತಿದ್ದರು. ಪೆನಿಸಿಲಿನ್‌ಗೆ ಬಗ್ಗದ ತಳಿಗಳ ಪಾಲು 1946ರಲ್ಲಿ ಸುಮಾರು ಶೇಕಡ 14 ಇದ್ದದ್ದು, 1947ರಲ್ಲಿ 38ಕ್ಕೂ 1948ರಲ್ಲಿ 59ಕ್ಕೂ ಏರಿತು. ಅಂದರೆ, ನುರಿತ ವೈದ್ಯರೇ ಔಷಧ ಕೊಡುತ್ತಿದ್ದ ಕಡೆಯಲ್ಲೇ ನಿರೋಧ ಹೆಚ್ಚುತ್ತಿತ್ತು.

ಇದಕ್ಕೆ ಕಾರಣವೇನು? ಈ ತಳಿಗಳು ಪೆನಿಸಿಲಿನ್ ಅಣುವನ್ನು ಒಡೆಯುವ ಪೆನಿಸಿಲಿನೇಸ್ ಎಂಬ ಕಿಣ್ವವನ್ನು ತಯಾರಿಸುತ್ತಿದ್ದವು. ಇಂಥ ಕಿಣ್ವವನ್ನು ಎಡ್ವರ್ಡ್ ಅಬ್ರಹಾಂ ಮತ್ತು ಅರ್ನ್ಸ್ಟ್ ಚೈನ್ 1940ರಲ್ಲೇ, ಪೆನಿಸಿಲಿನ್ ವ್ಯಾಪಕವಾಗಿ ಬಳಕೆಗೆ ಬರುವ ಮೊದಲೇ, ಗುರುತಿಸಿದ್ದರು. ಹಾಗಾಗಿ ಆಸ್ಪತ್ರೆಯ ಬ್ಯಾಕ್ಟೀರಿಯಗಳು ಹೊಸದಾಗಿ ಏನನ್ನೂ ಕಲಿಯಬೇಕಿರಲಿಲ್ಲ. ಕಿಣ್ವವಿಲ್ಲದವನ್ನು ಔಷಧ ಕೊಂದಿತು. ಕಿಣ್ವವಿದ್ದ ಕೆಲವಕ್ಕೆ ಜಾಗ ತೆರವಾಯಿತು. ಅವು ಸಿಬ್ಬಂದಿಯ ಕೈ ಮತ್ತು ಮೂಗಿನ ಮೂಲಕ ಒಬ್ಬ ರೋಗಿಯಿಂದ ಇನ್ನೊಬ್ಬನಿಗೆ ಹರಡಿದವು. ನೈಸರ್ಗಿಕ ಆಯ್ಕೆಗೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕೆ?

ಬಾರ್ಬರ್ ಇಲ್ಲಿಗೇ ನಿಲ್ಲಲಿಲ್ಲ. ವೈದ್ಯರ ರೂಢಿ ಬದಲಾದರೆ ನಿರೋಧ ತಗ್ಗೀತೆ ಎಂಬ ಪ್ರಶ್ನೆಯನ್ನು ಅದೇ ಆಸ್ಪತ್ರೆಯಲ್ಲಿ 1950ರ ದಶಕದ ಕೊನೆಯಲ್ಲಿ ಪರೀಕ್ಷೆಗೆ ಒಡ್ಡಲಾಯಿತು. ಪೆನಿಸಿಲಿನ್ ಬಳಕೆಗೆ ಮಿತಿ ಹಾಕಿದರು. ಇತರ ಪ್ರತಿಜೈವಿಕಗಳನ್ನು ಜೋಡಿಯಾಗಿ ಕೊಟ್ಟರು. ಒಂದನ್ನು ತಾಳಿಕೊಂಡ ಬ್ಯಾಕ್ಟೀರಿಯವನ್ನು ಇನ್ನೊಂದು ಕೊಲ್ಲಲಿ ಎಂಬುದು ಉದ್ದೇಶ. ಸೋಂಕು ಹರಡದಂತೆಯೂ ಎಚ್ಚರ ವಹಿಸಿದರು. ಬಾರ್ಬರ್ ಮತ್ತು ಸಂಗಡಿಗರು 1960ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ ನಿರೋಧಕ ತಳಿಗಳ ಪಾಲು ಇಳಿದಿತ್ತು.

ಆದರೆ ಸುಮಾರು ಅದೇ ವೇಳೆಗೆ ಪೆನಿಸಿಲಿನೇಸ್‌ಗೆ ಜಗ್ಗದ ಮೆಥಿಸಿಲಿನ್ ಬಂತು. ಹೊಸ ಔಷಧವಿರುವಾಗ ಹಳೆಯ ಕಟ್ಟುಪಾಡು ಏಕೆ ಎನ್ನಿಸುವುದು ಸಹಜ. ಅದಕ್ಕೂ ಬಗ್ಗದ ತಳಿಗಳನ್ನು ಪೆಟ್ರೀಷಿಯ ಜೆವನ್ಸ್ 1961ರಲ್ಲೇ ವರದಿ ಮಾಡಿದರು.

ನಮ್ಮ ದೇಶದಲ್ಲೂ 2014ರ ಮಾರ್ಚ್ 1ರಿಂದ ಜಾರಿಗೆ ಬಂದ 'ಎಚ್1' ಅನುಸೂಚಿ, ಕೆಲವು ಮುಖ್ಯ ಪ್ರತಿಜೈವಿಕಗಳಿಗೆ ವೈದ್ಯರ ಚೀಟಿಯ ಜೊತೆಗೆ ಅಂಗಡಿಯಲ್ಲಿ ಪ್ರತ್ಯೇಕ ದಾಖಲೆಯನ್ನೂ ಕಡ್ಡಾಯ ಮಾಡಿದೆ. ಇದು ಬೇಕಾದದ್ದೇ. ಆದರೆ ಕಾನೂನು ಔಷಧವನ್ನು ವೈದ್ಯರ ಕೈಗೆ ಒಪ್ಪಿಸಬಲ್ಲದು, ಅಷ್ಟೆ. ಇದು ಬ್ಯಾಕ್ಟೀರಿಯದ ಸೋಂಕೋ, ವೈರಸ್ಸಿನದೋ? ಯಾವ ಔಷಧ, ಎಷ್ಟು ದಿನ? ಈಗ ಕೊಡದೆ ಕಾಯಬಹುದೆ? ಇದನ್ನು ವಿಚಾರಿಸಿ ಬರೆಯುವ ಅಭ್ಯಾಸ ಶಿಕ್ಷಣದಿಂದ ಬರಬೇಕು.

ಶಿಕ್ಷಕರೇ, ನಿಮ್ಮ ಮುಂದೆ ಕುಳಿತವರಲ್ಲಿ ನಾಳಿನ ವೈದ್ಯರು, ದಾದಿಯರು, ಔಷಧ ವಿತರಕರು ಇರಬಹುದು. ನೈಸರ್ಗಿಕ ಆಯ್ಕೆಯ ಪಾಠ ಮಾಡುವಾಗ ಹ್ಯಾಮರ್‌ಸ್ಮಿತ್‌ನ ಆ ಮೂರು ಅಂಕಿಗಳನ್ನು ಹಲಗೆಯ ಮೇಲೆ ಬರೆಯಿರಿ. ಏರಿಕೆಗೆ ಕಾರಣವನ್ನು ಮಕ್ಕಳೇ ಹುಡುಕಲಿ. 1960ರ ಇಳಿಕೆಯನ್ನು ಆಮೇಲೆ ಹೇಳಿ.