ಸಂಬಂಧಗಳ ಗಣಿತ: ಒಂದು ಸಣ್ಣ ಚರಿತ್ರೆ

ಬೀಜಗಣಿತದ ಪಾಠ ಶುರುವಾದ ದಿನ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ: "ಸಾರ್, ಇದರಿಂದ ಏನು ಉಪಯೋಗ?" ನಮ್ಮ ಶಾಲೆಯ ಐವತ್ತು ವರ್ಷಗಳಲ್ಲಿ ಈ ಪ್ರಶ್ನೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಟ್ಟವರಿಲ್ಲ. ಗಣಿತಜ್ಞರೇ ನಕ್ಕು ಹಾಸ್ಯ ಮಾಡಿದ ಒಂದು ವಿದ್ಯೆ ಕಂಪ್ಯೂಟರಿನೊಳಗೆ ಬಂದು ಕೂತ ಕಥೆ ಆ ಬೆಂಚಿನವರಿಗಾಗಿಯೇ ಇದೆ. ಕಥೆಯ ಒಂದು ಎಳೆ ನಮ್ಮ ಪಕ್ಕದ ಬೆಂಗಳೂರಿನಲ್ಲೇ ಸಿಗುತ್ತದೆ.

1945ರಲ್ಲಿ ಅಮೆರಿಕದಲ್ಲಿ ಸ್ಯಾಮ್ಯುಯೆಲ್ ಐಲೆನ್‌ಬರ್ಗ್ ಮತ್ತು ಸಾಂಡರ್ಸ್ ಮ್ಯಾಕ್‌ಲೇನ್ ಎಂಬ ಇಬ್ಬರು ಒಂದು ದೀರ್ಘ ಪ್ರಬಂಧ ಪ್ರಕಟಿಸಿದರು. ಐಲೆನ್‌ಬರ್ಗ್ ಪೋಲೆಂಡಿನವರು, ಯುದ್ಧದ ಹೊತ್ತಿಗೆ ದೇಶ ಬಿಟ್ಟು ಬಂದವರು. ಅವರ ಹೊಸ ವಿದ್ಯೆಗೆ ಕೆಟಗರಿ ಥಿಯರಿ ಎಂದು ಹೆಸರಾಯಿತು. ವಸ್ತುವಿನ ಒಳಗೆ ಏನಿದೆ ಎಂದು ಕೆದಕಬೇಡಿ, ಅದಕ್ಕೂ ಉಳಿದವುಗಳಿಗೂ ಏನು ಸಂಬಂಧ, ಆ ಸಂಬಂಧಗಳು ಹೇಗೆ ಕೂಡುತ್ತವೆ ಎಂಬುದನ್ನು ನೋಡಿ ಎನ್ನುವುದು ಅದರ ತಿರುಳು.

ನಮ್ಮ ಹಳ್ಳಿಯವರಿಗೆ ಇದು ಹೊಸದಲ್ಲ. "ತಾಯಿಯ ಅಣ್ಣನ ಮಗಳು" ಎನ್ನಿ. ಮೊದಲೆರಡು ಮಾತು ಕೂಡಿಸಿದರೆ ಸೋದರಮಾವನ ಮಗಳು. ಕೊನೆಯ ಎರಡನ್ನು ಮೊದಲು ಕೂಡಿಸಿದರೆ ತಾಯಿಗೆ ಸೋದರಸೊಸೆ. ಹೇಗೆ ಕೂಡಿಸಿದರೂ ಹುಡುಗಿ ಅವಳೇ. ಕೆಟಗರಿ ಥಿಯರಿಯ ಮುಖ್ಯ ನಿಯಮ ಇದೇ. ಮದುವೆ ಮನೆಯ ಜಗುಲಿಯಲ್ಲಿ ಕೂತ ಅಜ್ಜಿಯರು ಇದನ್ನು ಬೆರಳ ತುದಿಯಲ್ಲಿ ಲೆಕ್ಕ ಹಾಕಿಬಿಡುತ್ತಾರೆ!

ಆದರೂ ಇದು ಅತಿ ಅಮೂರ್ತವೆಂದು ಗಣಿತಜ್ಞರ ನಡುವೆ ತಮಾಷೆಯ ಮಾತು ಹುಟ್ಟಿತು. 1958ರಲ್ಲಿ ರಾಬರ್ಟ್ ರೋಸೆನ್ ಎಂಬುವರು ಜೀವಿಗಳ ರಚನೆಯನ್ನು ವಿವರಿಸಲು ಇದನ್ನು ಬಳಸಿದರು. ಅದು ಹೆಚ್ಚು ಬೇರು ಬಿಡಲಿಲ್ಲ. ಚೆನ್ನಾಗಿ ಬೇರು ಬಿಟ್ಟದ್ದು ಕಂಪ್ಯೂಟರ್ ವಿಜ್ಞಾನದಲ್ಲಿ.

ಶಿಡ್ಲಘಟ್ಟದ ಕಡೆಯವರಿಗೆ ಅದರ ಕಾರಣ ಬೇಗ ಹಿಡಿಸೀತು. ಗೂಡಿನಿಂದ ನೂಲು ಬಿಚ್ಚುತ್ತಾರೆ, ನೂಲನ್ನು ಹುರಿ ಮಾಡುತ್ತಾರೆ, ಹುರಿ ಮಗ್ಗಕ್ಕೇರಿ ಸೀರೆಯಾಗುತ್ತದೆ. ಗೂಡನ್ನೇ ನೇರವಾಗಿ ಮಗ್ಗಕ್ಕೆ ಹಾಕಲಾಗದು. ಒಂದು ಕೆಲಸದಿಂದ ಹೊರಬರುವುದು ಮುಂದಿನ ಕೆಲಸಕ್ಕೆ ಬೇಕಾದ ಜಾತಿಯದೇ ಆಗಿರಬೇಕು. ಪ್ರೋಗ್ರಾಂಗಳನ್ನು ಜೋಡಿಸುವುದೂ ಹೀಗೆಯೇ. ಆದರೆ ಗೂಡು ಕೆಟ್ಟಿದ್ದರೆ ನೂಲು ಬಾರದು, ಪ್ರೋಗ್ರಾಂ ಕೂಡ ನಡುವೆ ಎಡವಬಹುದು. ಇಂಥ "ಬಂದರೆ ಬಂತು, ಇಲ್ಲದಿದ್ದರೆ ಇಲ್ಲ" ಎನ್ನುವ ಕೆಲಸಗಳನ್ನೂ ಒಂದರ ಹಿಂದೆ ಒಂದು ಕ್ರಮವಾಗಿ ಪೋಣಿಸಲು ಕೆಟಗರಿ ಥಿಯರಿಯ ಮೊನಾಡ್ ಎಂಬ ಕಲ್ಪನೆ ಸಾಕೆಂದು 1989ರಲ್ಲಿ ಇಟಲಿಯ ಯೂಜೆನಿಯೊ ಮೊಜ್ಜಿ ತೋರಿಸಿದರು. ಹ್ಯಾಸ್ಕೆಲ್ ಭಾಷೆ ಅದನ್ನು ಎತ್ತಿಕೊಂಡಿತು. ಬೆಂಗಳೂರಿನ ಕಂಪನಿಗಳಲ್ಲಿ ದುಡಿಯುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಹೆಸರು ತಿಳಿಯದೆಯೇ ಇದನ್ನು ಬಳಸುತ್ತಿರಬಹುದು.

ಅಷ್ಟರಲ್ಲಿ ಇನ್ನೊಂದು ನೆಂಟಸ್ತನವೂ ಹೊರಬಿದ್ದಿತ್ತು. ಗಣಿತದ ಸಾಧನೆಗೂ ಪ್ರೋಗ್ರಾಂಗೂ ಒಂದೇ ವ್ಯಾಕರಣ. ಎರಡನ್ನೂ ಕೆಟಗರಿಯ ಬಾಣಗುರುತುಗಳಲ್ಲಿ ಬರೆಯಬಹುದು ಎಂದು ಕೆನಡಾದ ಯೋಆಕಿಮ್ ಲಾಂಬೆಕ್ ತೋರಿಸಿದ್ದರು. ಹಾಗಾದರೆ ಯಂತ್ರವೇ ಸಾಧನೆಯನ್ನು ಬರೆಯಬಹುದಲ್ಲ? ಇಲ್ಲಿಂದ ಕಥೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬರುತ್ತದೆ.

ಅಲ್ಲಿನ ಅಪೂರ್ವ ಖರೆ 2017ರ ಡಿಸೆಂಬರಿನಲ್ಲಿ ಅಮೆರಿಕದ ಟೆರೆನ್ಸ್ ಟಾವೋ ಅವರ ಮುಂದೆ ಒಂದು ಪ್ರಶ್ನೆ ಇಟ್ಟರು. ಮಾಡಿ ಹಿಂತೆಗೆಯಬಹುದಾದ ಕೆಲಸಗಳಿಗೆ ಒಂದೊಂದು "ಉದ್ದ" ಕೊಡೋಣ. ಅದೇ ಕೆಲಸ ಹತ್ತು ಸಲ ಮಾಡಿದರೆ ಉದ್ದ ಸರಿಯಾಗಿ ಹತ್ತರಷ್ಟಾಗಬೇಕು, ಎರಡು ಕೆಲಸ ಸೇರಿದರೆ ಎರಡರ ಮೊತ್ತವನ್ನು ಮೀರಬಾರದು, ಏನೂ ಮಾಡದಿರುವುದಕ್ಕೆ ಮಾತ್ರ ಸೊನ್ನೆ. ಕ್ರಮ ಬದಲಾದರೆ ಫಲವೂ ಬದಲಾಗುವ ಲೋಕದಲ್ಲಿ ಇಂಥ ಅಳತೆ ಸಾಧ್ಯವೇ? ಟಾವೋ ಪ್ರಶ್ನೆಯನ್ನು ಬಹಿರಂಗವಾಗಿ ಇಟ್ಟರು. ಅದೇ ಸಂಸ್ಥೆಯ ಸಿದ್ಧಾರ್ಥ ಗಾಡ್ಗಿಲ್ ತಮ್ಮ ಪ್ರೋಗ್ರಾಂ ಓಡಿಸಿದರು. ಉದ್ದದ ಮಿತಿ ಎಲ್ಲರೂ ಕೈಯಲ್ಲಿ ಇಳಿಸಿದ್ದಕ್ಕಿಂತ ಕೆಳಗಿಳಿಯಿತು.

ನನಗೆ ದೊಡ್ಡದಾಗಿ ಕಾಣುವುದು ಆಮೇಲಿನದು. ಯಂತ್ರ ಬರೀ ಸಂಖ್ಯೆ ಉಗುಳಿ ಸುಮ್ಮನಾಗಲಿಲ್ಲ. ಸಾಧನೆಯನ್ನು ಸಾಲು ಸಾಲಾಗಿ, ಮನುಷ್ಯ ಓದುವಂತೆ ಕೊಟ್ಟಿತು. ಪೇಸ್ ನೀಲ್ಸನ್ ಅದನ್ನು ಓದಿ ಒಳಗಿದ್ದ ಉಪಾಯವನ್ನು ಹೆಕ್ಕಿದರು. ಕೆಟಗರಿ ಥಿಯರಿಯಲ್ಲೂ ಕೆಲಸ ಮಾಡಿರುವ ಟೋಬಿಯಾಸ್ ಫ್ರಿಟ್ಸ್ ಅದನ್ನು ಹಿಗ್ಗಿಸಿದರು. ಒಂದು ವಾರದೊಳಗೆ ಉತ್ತರ ಸಿಕ್ಕಿತು: ಸಾಧ್ಯವಿಲ್ಲ. ಪರೀಕ್ಷೆಯಲ್ಲಿ ಬರೀ ಉತ್ತರ ಬರೆದವನಿಗೆ ಅಂಕ ಕೊಡದೆ "ಹಂತ ತೋರಿಸು" ಎನ್ನುವ ನಮ್ಮ ಮೇಷ್ಟ್ರುಗಳು ಕೇಳುತ್ತಿದ್ದುದೂ ಇದನ್ನೇ ಅಲ್ಲವೇ?

ಆ ಪ್ರಬಂಧ 2018ರಲ್ಲಿ ಅಚ್ಚಾಯಿತು. ಲೇಖಕರ ಹೆಸರು ಡಿ. ಎಚ್. ಜೆ. ಪಾಲಿಮ್ಯಾತ್ ಎಂದಿದೆ. ಅಂಥ ವ್ಯಕ್ತಿ ಯಾರೂ ಇಲ್ಲ, ಅದು ಕೂಡಿ ಮಾಡಿದ ಕೆಲಸಕ್ಕೆ ಇಟ್ಟುಕೊಂಡ ಹೆಸರು. ಅದರ ಹಿಂದೆ ಇರುವ ಆರು ಮಂದಿಯಲ್ಲಿ ಇಬ್ಬರು ಬೆಂಗಳೂರಿನವರು.