ದೂರದಿಂದ ಹೃದಯ ನೋಡಿಕೊಂಡ ಕಥೆ

"ಊರಿನಲ್ಲಿ ಅಪ್ಪನಿಗೆ ಹಾರ್ಟ್ ವೀಕ್ ಆಗಿದೆ ಅಂದಿದ್ದಾರೆ, ಹಾಗಂದರೇನು ಡಾಕ್ಟ್ರೇ?" ಎಂದು ಸಂಘದ ಸಮಾರಂಭಗಳಲ್ಲಿ ನಮ್ಮಂಥ ವೈದ್ಯರನ್ನು ಸದಸ್ಯರು ಕೇಳುವುದುಂಟು. ಹೃದಯ ವೈಫಲ್ಯವೆಂದರೆ ಹೃದಯ ನಿಂತುಹೋಗುವುದಲ್ಲ. ರಕ್ತವನ್ನು ತಳ್ಳುವ ಶಕ್ತಿ ಕುಂದಿ ಮೈಯಲ್ಲಿ ನೀರು ತುಂಬಿಕೊಳ್ಳುತ್ತದೆ. ಕಾಲು ಬಾತುಕೊಳ್ಳುತ್ತದೆ, ಮಲಗಿದರೆ ಉಸಿರು ಕಟ್ಟುತ್ತದೆ. ಆಸ್ಪತ್ರೆಯಲ್ಲಿ ನೀರು ಇಳಿಸಿ ಮನೆಗೆ ಕಳಿಸಿದರೂ ಎಷ್ಟೋ ಮಂದಿ ಕೆಲವೇ ವಾರಗಳಲ್ಲಿ ಮರಳಿ ದಾಖಲಾಗುತ್ತಾರೆ. ಇದನ್ನು ತಪ್ಪಿಸಲು ರೋಗಿಯನ್ನು ಮನೆಯಲ್ಲಿರುವಾಗಲೇ ದೂರದಿಂದ ಗಮನಿಸಬಹುದೇ? ಈ ಪ್ರಶ್ನೆಯ ಹಿಂದೆ ದೊಡ್ಡ ಚರಿತ್ರೆಯಿದೆ.

ಹಾಲೆಂಡಿನ ಲೈಡನ್ ನಗರದಲ್ಲಿ ವಿಲೆಮ್ ಐಂಥೋವೆನ್ ಅವರು ಕಟ್ಟಿದ ಇ.ಸಿ.ಜಿ. ಯಂತ್ರ ಆಸ್ಪತ್ರೆಗೆ ಸಾಗಿಸಲಾಗದಷ್ಟು ಭಾರವಾಗಿತ್ತು. ಆದ್ದರಿಂದ 1905ರಲ್ಲಿ ಅವರು ಸುಮಾರು ಒಂದೂವರೆ ಕಿಲೋಮೀಟರ್ ದೂರದ ಆಸ್ಪತ್ರೆಯಲ್ಲಿದ್ದ ರೋಗಿಯ ಹೃದಯದ ಸಂಕೇತವನ್ನು ಟೆಲಿಫೋನ್ ತಂತಿಯ ಮೂಲಕ ತಮ್ಮ ಪ್ರಯೋಗಶಾಲೆಗೆ ತರಿಸಿಕೊಂಡರು. 1924ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ನಮ್ಮ ನಾಡಿನಲ್ಲಿ 2002ರಲ್ಲಿ ಇಸ್ರೋ ನೆರವಿನಿಂದ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಗೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೂ ಉಪಗ್ರಹ ಸಂಪರ್ಕ ಏರ್ಪಟ್ಟಿತು. ಆದರೆ ಈ ಎರಡು ಪ್ರಸಂಗಗಳಲ್ಲೂ ರೋಗಿ ಆಸ್ಪತ್ರೆಗೆ ಬರಲೇಬೇಕಿತ್ತು.

ಮನೆಯಲ್ಲಿರುವ ರೋಗಿಯ ವಿಚಾರದಲ್ಲಿ ದಾರಿ ತೋರಿಸಿದವರು ನರ್ಸ್‌ಗಳು. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಮೈಕೆಲ್ ರಿಚ್ ಮತ್ತು ಸಂಗಡಿಗರು 70 ದಾಟಿದ 282 ಮಂದಿಯ ಮೇಲೆ ನಡೆಸಿದ ಅಧ್ಯಯನ 1995ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಜನರಿಗೆ ನರ್ಸ್‌ಗಳು ಕಾಯಿಲೆಯ ಬಗ್ಗೆ ತಿಳಿಹೇಳಿದರು. ಊಟದ ಪಥ್ಯ, ಮಾತ್ರೆಗಳ ಪರಿಶೀಲನೆಯ ಏರ್ಪಾಡಾಯಿತು. ಮನೆಭೇಟಿ, ಫೋನ್ ವಿಚಾರಣೆ ನಡೆದವು. 90 ದಿನಗಳಲ್ಲಿ ಮಾಮೂಲಿ ಚಿಕಿತ್ಸೆಯವರು ಒಟ್ಟು 94 ಬಾರಿ ಮರಳಿ ದಾಖಲಾದರೆ, ಇವರು 53 ಬಾರಿ ಮಾತ್ರ.

ಹಾಗಾದರೆ ಫೋನ್ ಮಾಡುವ ಕೆಲಸವನ್ನು ಯಂತ್ರಕ್ಕೇ ಒಪ್ಪಿಸಬಾರದೇಕೆ? 2010ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 1,653 ರೋಗಿಗಳಿದ್ದರು. ಪ್ರತಿದಿನ ರೋಗಿ ಫೋನ್ ಮಾಡಿ, ಧ್ವನಿಮುದ್ರಿತ ಪ್ರಶ್ನೆಗಳಿಗೆ ಗುಂಡಿ ಒತ್ತಿ ತೂಕ ಮತ್ತು ಲಕ್ಷಣ ತಿಳಿಸಬೇಕು. ಆರು ತಿಂಗಳಲ್ಲಿ ಮರಳಿ ದಾಖಲಾದವರು ಅಥವಾ ತೀರಿಕೊಂಡವರು ಈ ಗುಂಪಿನಲ್ಲಿ ಶೇ. 52.3, ಮಾಮೂಲಿ ಚಿಕಿತ್ಸೆಯ ಗುಂಪಿನಲ್ಲಿ ಶೇ. 51.5. ಏನೂ ಪ್ರಯೋಜನ ಕಾಣಲಿಲ್ಲ. ಶೇ. 14ರಷ್ಟು ಜನ ಆ ವ್ಯವಸ್ಥೆಯನ್ನು ಒಮ್ಮೆಯೂ ಬಳಸಿರಲಿಲ್ಲ.

ವೈದ್ಯಲೋಕ ನಿರಾಶೆಗೊಂಡರೂ ಜರ್ಮನಿಯವರು ಕೈಬಿಡಲಿಲ್ಲ. 2018ರಲ್ಲಿ ಅವರ ಅಧ್ಯಯನ ಹೊರಬಂತು. 1,500ಕ್ಕೂ ಹೆಚ್ಚು ರೋಗಿಗಳಲ್ಲಿ ಒಂದು ಗುಂಪಿಗೆ ತೂಕ, ರಕ್ತದೊತ್ತಡ, ಇ.ಸಿ.ಜಿ., ಆಮ್ಲಜನಕ ಅಳೆಯುವ ಸಾಧನಗಳನ್ನು ಮನೆಗೇ ಕೊಟ್ಟರು. ಬರ್ಲಿನ್ನಿನ ಶಾರಿಟೆ ಆಸ್ಪತ್ರೆಯ ಕೇಂದ್ರದಲ್ಲಿ ವೈದ್ಯರೂ ನರ್ಸ್‌ಗಳೂ ಹಗಲಿರುಳು ಆ ಅಂಕಿಗಳನ್ನು ನೋಡುತ್ತಿದ್ದರು. ವರ್ಷಕ್ಕೆ ನೂರು ರೋಗಿಗಳ ಲೆಕ್ಕದಲ್ಲಿ ಸಾವು 11.3ರಿಂದ 7.9ಕ್ಕೆ ಇಳಿಯಿತು. 2020ರ ಡಿಸೆಂಬರ್‌ನಲ್ಲಿ ಅಲ್ಲಿ ಈ ಸೇವೆಯನ್ನು ಆರೋಗ್ಯ ವಿಮೆಯೊಳಗೆ ಸೇರಿಸುವ ತೀರ್ಮಾನವಾಯಿತು.

ಎರಡು ದೇಶಗಳ ರೋಗಿಗಳೂ ವ್ಯವಸ್ಥೆಯೂ ಬೇರೆ ಬೇರೆ. ಕಾರಣ ಇದೊಂದೇ ಎನ್ನಲಾಗದು. ಆದರೂ ಅಂಕಿ ಕಳಿಸುವ ಸಾಧನ ಮಾತ್ರ ಇದ್ದರೆ ಸಾಲದು, ಅದನ್ನು ನೋಡಿ ತಕ್ಷಣ ಔಷಧ ಬದಲಿಸುವವರೂ ಬೇಕು ಎಂಬುದು ನಮಗೆ ತೋರುವ ಪಾಠ.

ನಾವು ಸಾವಿರಾರು ಮೈಲಿ ದೂರವಿದ್ದೇವೆ. ಊರಿನ ಹಿರಿಯರಿಗೆ ಈ ಕಾಯಿಲೆಯಿದ್ದರೆ ಮನೆಯಲ್ಲೊಂದು ತೂಕದ ಯಂತ್ರವಿರಲಿ. ಬೆಳಿಗ್ಗೆ ಶೌಚ ಮುಗಿಸಿ, ತಿಂಡಿಗೆ ಮೊದಲು ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆದಿಡಲಿ. ಮೂರು ದಿನಗಳಲ್ಲಿ ಎರಡು ಕಿಲೋ ಏರಿದರೆ, ಕಾಲು ಬಾತರೆ, ಉಸಿರು ಸಾಲದಾದರೆ ಅಂದೇ ಅವರ ಡಾಕ್ಟರಿಗೆ ತಿಳಿಸಬೇಕು. ಆ ಡಾಕ್ಟರ ನಂಬರು ಯಾರ ಬಳಿಯಿದೆ, ಹತ್ತಿರದಲ್ಲಿ ಕರೆದೊಯ್ಯುವವರು ಯಾರು ಎಂಬುದನ್ನು ಈ ಭಾನುವಾರ ಫೋನ್ ಮಾಡಿದಾಗಲೇ ಕೇಳಿಟ್ಟುಕೊಳ್ಳಿ.